ಹಂದಿ ರೂಪಾಯಿ

೨೦೦೪ರ ಮಾರ್ಚ್ ತಿಂಗಳ ಒಂದು ಭಾನುವಾರ ರಾಮ ಶಿರಸಿಯ ಸೈಬರ್ ಸೆಂಟರಿನಲ್ಲಿ ಒಂದು ನಾಣ್ಯದ ಫೋಟೋಗಳ ಎರಡು ಬಣ್ಣದ ಪ್ರಿಂಟು ತೆಗೆಸಿದ. ಒಂದಕ್ಕೆ ಹದಿನೈದು ರೂಪಾಯಿ. ನಾಣ್ಯದ ವ್ಯಾಪಾರಿಯ ಇ-ಮೇಲ್ ತೆರೆದು ಕೊಟ್ಟವಳು ಮಗಳು ಅಭಿಜ್ಞಾ. ಪಿಯುಸಿ ಮೊದಲ ವರ್ಷದ ಪರೀಕ್ಷೆ ಮುಗಿದು ಅವಳು ಮನೆಯಲ್ಲಿದ್ದಳು.

“ಕಪ್ಪು-ಬಿಳಿ ತೆಗೆಸಿದ್ರೆ ಮೂರು ರೂಪಾಯಲ್ಲಿ ಮುಗೀತಿತ್ತು ಅಪ್ಪ.”

“ಬೆಳ್ಳಿ ಹೊಳೆವದು ಕಪ್ಪು-ಬಿಳಿಯಲ್ಲಿ ಕಾಣ್ತಿಲ್ಲೆ.”

“ಇಲ್ಲಿ ಕೆಳಗೆ ಬರದ್ದ ನೋಡು, ‘ನಾನು ಗ್ರೇಡ್ ಹೇಳುವುದಿಲ್ಲ, ಫೋಟೋ ನೋಡಿ ನೀವೇ ತೀರ್ಮಾನಿಸಿ’ ಹೇಳಿ. ಗ್ರೇಡ್ ಅಂದ್ರೆ ಎಂತದು?”

“ನಾಣ್ಯ ಎಷ್ಟು ಸವೆದಿದ್ದು, ಎಷ್ಟು ಚಂದ ಉಳದ್ದು ಹೇಳಿ ಅಳತೆ ಮಾಡದು. ದೊಡ್ಡ ಊರಲ್ಲಿ ಅದಕ್ಕೆ ಬೇರೆ ಜನ ಇರ್ತ. ನಮಗೆಂತಕ್ಕೆ? ಕಣ್ಣಿಲ್ಲೆಯಾ?”

ರಾಮ ಹದಿನಾರು ವರ್ಷದಿಂದ ಬಸ್ ಕಂಡಕ್ಟರ್. ಬೆಳಿಗ್ಗೆ ಸಿದ್ದಾಪುರಕ್ಕೆ ಒಂದು ಟ್ರಿಪ್ಪು, ಮಧ್ಯಾಹ್ನದ ಮೇಲೆ ಯಲ್ಲಾಪುರಕ್ಕೆ ಒಂದು. ಚಿಲ್ಲರೆ ಚೀಲದಲ್ಲಿ ಕಮಲದ ಚಿತ್ರದ ಹಿತ್ತಾಳೆ ಇಪ್ಪತ್ತು ಪೈಸೆಯೋ ತೂತಿನ ಕಾಸೋ ಬಂದರೆ ತನ್ನ ಕಿಸೆಯಿಂದ ಅಷ್ಟು ದುಡ್ಡು ಹಾಕಿ ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದ. ಹಾಗೆ ಮೂರು ಆಲ್ಬಂ ತುಂಬಿತ್ತು. ಬೇರೆ ಚಟವಿರಲಿಲ್ಲವಾದ್ದರಿಂದ ಮನೆಯಲ್ಲಿ ಯಾರೂ ಏನೂ ಹೇಳುತ್ತಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಪರಿಮಳಾ ತೆಳುದೋಸೆ, ಅವರ ತೆಳ್ಳೇವು, ಹೊಯ್ಯುತ್ತಿದ್ದಳು. ರಾಮನ ತಾಯಿ ಗಂಗೆ ಮೊಮ್ಮಗ ಪ್ರಥಮನ ಬಾಳೆಲೆಗೆ ಜೋನಿಬೆಲ್ಲ ಬಡಿಸುತ್ತಿದ್ದಳು. ರಾಮ ಪ್ರಿಂಟುಗಳನ್ನು ಬೆಲ್ಲದ ಪಾತ್ರೆಯಿಂದ ದೂರ ಇಟ್ಟ. ಯಾರದೋ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಬೆಳ್ಳಿ ರೂಪಾಯಿ. ಒಂದು ಚಿತ್ರದಲ್ಲಿ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದರಲ್ಲಿ ೧೯೧೧ ಎಂಬ ಇಸವಿ. ನಿನ್ನೆ ಟಂಕಸಾಲೆಯಿಂದ ಹೊರಬಂದ ಹಾಗೆ ಹೊಳೆಯುತ್ತಿತ್ತು.

ಗಂಗೆ ಕನ್ನಡಕ ಏರಿಸಿ ನೋಡಿದಳು. “ಯಾರ ಕೈ ಇದು?”

“ವ್ಯಾಪಾರಿದು. ಪುಣೆಯಂವ.”

“ಉಗುರು ತೆಗೆಯದೆ ಎಷ್ಟು ದಿನ ಆತೇನ.”

“ಆಯಿ, ಉಗುರು ನೋಡಡ, ನಾಣ್ಯ ನೋಡು. ಇದು ಹಂದಿ ರೂಪಾಯಿ. ದೊರೆ ಮೈಮೇಲೆ ಸರ ಇದ್ದಲೀ, ಅದ್ರಲ್ಲಿ ಒಂದು ಆನೆ ಇದ್ದು. ಅಚ್ಚು ಕೆತ್ತಿದಂವ ಸೊಂಡಿಲು ಗಿಡ್ಡ ಮಾಡಿಬಿಟ್ಟ. ಹಂದಿ ಹಂಗೆ ಕಾಣ್ತು ಹೇಳಿ ಜನ ಗಲಾಟೆ ಮಾಡಿದ. ಸರಕಾರ ವಾಪಸ್ ತಗಂಡು ಕರಗಿಸ್ತು. ಉಳದ್ದು ಸ್ವಲ್ಪ.”

“ಹಂದಿಯಾ? ದೇವರ ಕೋಣೆಗೆ ತರಡ ಮತ್ತೆ.”

“ಆನೆ ಅದು. ಹಂದಿ ಹಂಗೆ ಕಾಣ್ತು ಅಷ್ಟೇಯ.”

“ಹಂದಿ ಹಂಗೆ ಕಂಡ್ರೆ ಹಂದಿನೇಯ” ಎಂದು ಗಂಗೆ ಪ್ರಿಂಟನ್ನು ಒಂದು ಬೆರಳಿನಿಂದ ಆಚೆ ದೂಡಿದಳು. ಪ್ರಥಮ ನಕ್ಕು, ತೆಳ್ಳೇವಿನ ತುಂಡು ಗಂಟಲಿಗೆ ಸಿಕ್ಕಿ ಕೆಮ್ಮಿದ.

ಪರಿಮಳಾ ಒಲೆಯ ಹತ್ತಿರದಿಂದಲೇ ಕೇಳಿದಳು. “ಎಷ್ಟಡ ಅದಕ್ಕೆ?”

“ದುಡ್ಡು ಕೊಡದಿಲ್ಲೆ. ಬದಲಿ ಕೊಟ್ರೆ ಸಾಕಡ.”

“ಬದಲಿ ಎಂತದು?”

“ಮನೇಲಿ ಇಪ್ಪದೇಯ” ಎಂದ ರಾಮ, ಎಲೆಯಿಂದ ಕಣ್ಣೆತ್ತದೆ.

ವ್ಯಾಪಾರಿ ಕೇಳಿದ್ದು ಹನ್ನೆರಡು ಸಾದಾ ಬೆಳ್ಳಿ ರೂಪಾಯಿಗಳನ್ನು. ಅಂಥವು ಆ ಮನೆಯಲ್ಲಿ ಹದಿನಾಲ್ಕು ಇದ್ದವು, ಗಂಗೆಯ ಕಬ್ಬಿಣದ ಪೆಟ್ಟಿಗೆಯೊಳಗಿನ ಬಿಸ್ಕತ್ತಿನ ಡಬ್ಬಿಯಲ್ಲಿ. ವಿಕ್ಟೋರಿಯಾ ರಾಣಿಯ ಕಾಲದವು, ಅವಳ ಮಗನ ಕಾಲದವು, ಮೊಮ್ಮಗನ ಕಾಲದವು. ಪ್ರತಿ ದೀಪಾವಳಿಗೆ ಗಂಗೆ ಅವನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿ, ಅಂಟುವಾಳದ ನೊರೆಯಲ್ಲಿ ತಿಕ್ಕಿ ತೊಳೆದು ಪೂಜೆಗೆ ಇಡುತ್ತಿದ್ದಳು. ಅವಳಿಗಿಂತ ಮೊದಲು ಅವಳ ಅತ್ತೆ ತೊಳೆದಿದ್ದಳು. ಬೆಳ್ಳಿ ಹೊಳೆದರೆ ಚೊಕ್ಕ, ಕಪ್ಪಾದರೆ ಕೊಳೆ ಎಂಬುದನ್ನು ರಾಮ ಹಾಲು ಕುಡಿಯುವ ವಯಸ್ಸಿನಿಂದ ನೋಡಿಕೊಂಡು ಬಂದಿದ್ದ.

ಆ ಹದಿನಾಲ್ಕಕ್ಕೆ ಇನ್ನೊಂದು ಕೆಲಸವಿತ್ತು. ಮನೆಯಲ್ಲಿ ಮುಂಜಿಯಾದಾಗ ವಟುವಿಗೆ ಭಿಕ್ಷೆ ಹಾಕುವ ಹೆಂಗಸರಿಗೆಲ್ಲ ಬಾಗಿಲಲ್ಲೇ ಮನೆಯ ಕಡೆಯಿಂದ ಒಂದೊಂದು ಬೆಳ್ಳಿ ರೂಪಾಯಿ ಕೊಡುತ್ತಿದ್ದರು. ಅವರು ಅದನ್ನು ಅಕ್ಕಿಯ ಜೊತೆ ಭಿಕ್ಷೆಯ ತಟ್ಟೆಗೆ ಹಾಕಬೇಕು. ಆಮೇಲೆ ಅಕ್ಕಿ ಪುರೋಹಿತರಿಗೆ, ಬೆಳ್ಳಿಯ ಬದಲಿಗೆ ಅವರಿಗೆ ದಕ್ಷಿಣೆ, ಬೆಳ್ಳಿ ಮರಳಿ ಡಬ್ಬಿಗೆ. ಬೇರೆ ಮನೆಗಳಲ್ಲಿ ಈ ಪದ್ಧತಿ ಇರಲಿಲ್ಲ. ಪ್ರಥಮನ ಮುಂಜಿಗೆ ಮೇ ತಿಂಗಳ ಕೊನೆಯ ವಾರ ಮುಹೂರ್ತ ಸಿಕ್ಕಿತ್ತು.

*

ಹೆಗ್ಗರಣೆಯಲ್ಲಿ ಗಂಗೆಯ ತಮ್ಮನ ಮಗಳ ಬಾಳಂತನ. ಹತ್ತು ಹದಿನೈದು ದಿನ ಇದ್ದು ಬರುತ್ತೇನೆಂದು ಅವಳು ರಾಮನ ಬಸ್ಸಿನಲ್ಲೇ ಹೊರಟಳು. ಡ್ರೈವರ್ ಕೆರಿಯಪ್ಪ ಕಾನಸೂರಿನವನು, ರಾಮನ ಜೊತೆ ಆರು ವರ್ಷದಿಂದ ಅದೇ ರೂಟಿನಲ್ಲಿದ್ದ. ಮುಂದಿನ ಸೀಟಿನಲ್ಲಿ ಕೂತ ಗಂಗೆಯನ್ನು ಕನ್ನಡಿಯಲ್ಲಿ ನೋಡಿ, “ಅಮ್ಮಾ, ಮಗನ ಹತ್ರ ಟಿಕೇಟ್ ತಗಂಡ್ರಾ ಇಲ್ವಾ?” ಎಂದ.

“ತಗಂಡಿ ಮಾರಾಯ. ಎಂಟಾಣೆ ಚಿಲ್ಲರೆ ಇನ್ನೂ ಕೊಡಲ್ಲೆ ಅಂವ.”

“ಅದು ಆಲ್ಬಂಗೆ ಹೋತು ಬಿಡಿ.”

ಎರಡು ದಿನ ಬಿಟ್ಟು, ಪರಿಮಳಾ ಪೇಟೆಗೆ ಹೋದ ಮಧ್ಯಾಹ್ನ, ರಾಮ ಡಬ್ಬಿ ತೆಗೆದ. ಹನ್ನೆರಡನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬಟ್ಟೆ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿ ಅಂಚೆಗೆ ಒಯ್ದ. ಡಬ್ಬಿಯಲ್ಲಿ ಎರಡು ಉಳಿದವು.

ಅಂಚೆಯ ರಸೀದಿ ಸಿಕ್ಕಿದ್ದು ಖಾಕಿ ಅಂಗಿಯ ಕಿಸೆಯಲ್ಲಿ. ಪರಿಮಳಾ ಅಂಗಿಯನ್ನು ಬಕೆಟಿನಲ್ಲಿ ಅದ್ದುವ ಮೊದಲು ಕಿಸೆ ನೋಡುವವಳು. ರಸೀದಿ ಓದಿ, ಕೈ ಒರೆಸಿಕೊಂಡು, ಒಳಗೆ ಹೋಗಿ ಡಬ್ಬಿ ಎತ್ತಿ ನೋಡಿದಳು. ಆ ಸಂಜೆ ಅವಳೂ ಅಭಿಜ್ಞಾಳೂ ತಾರಸಿಯ ಮೇಲೆ ಒಣಗಿದ ಹಲಸಿನಕಾಯಿ ಹಪ್ಪಳ ಎತ್ತುತ್ತಿದ್ದಾಗ ರಾಮ ಡ್ಯೂಟಿ ಮುಗಿಸಿ ಮೇಲೆ ಬಂದ.

“ಡಬ್ಬಿಲಿ ಎರಡೇ ಇದ್ದು” ಎಂದಳು ಪರಿಮಳಾ.

ರಾಮ ಒಂದು ಹಪ್ಪಳ ಎತ್ತಿ ಬೆಳಕಿಗೆ ಹಿಡಿದ. “ಇದು ಇನ್ನೂ ಒಣಗಿದ್ದಿಲ್ಲೆ.”

“ಹಪ್ಪಳ ಇರಲಿ. ನಿಂಗ ಕಳ್ಸಿದ್ರಾ?”

“ಕೇಳು ಇಲ್ಲಿ. ಹನ್ನೆರಡು ಸಾದಾ ರೂಪಾಯಿಗೆ ಬೆಳ್ಳಿ ತೂಕದ ಬೆಲೆ ಬಿಟ್ರೆ ಎಂತ ಇಲ್ಲೆ. ಇದು ಒಂದೇ ಮೂರೂವರೆ ಸಾವಿರಕ್ಕೆ ಹೋಗ್ತು. ಮುಂದಿನ ತಿಂಗಳು ಹುಬ್ಬಳ್ಳಿಲಿ ನಾಣ್ಯದವು ಸೇರ್ತ. ಅಲ್ಲಿ ಕೊಟ್ಟು, ಅಲ್ಲೇ ಹನ್ನೆರಡು ತಗತ್ತೆ. ಉಳದ್ದು ಚಪ್ಪರಕ್ಕೆ ಆಗ್ತು.”

“ಅತ್ತೆಗೆ ಹೇಳಿದ್ರಾ?”

“ತಂದಿಟ್ಟ ಮೇಲೆ ಹೇಳದು ಎಂತ ಇದ್ದು?”

“ಹೇಳಿದ್ರಾ ಕೇಳಿದ್ದು ಆನು.”

ರಾಮ ಕೈಯ ಹಪ್ಪಳವನ್ನು ಚಾಪೆಯ ಮೇಲೆ ಮರಳಿ ಇಟ್ಟ. ಅಭಿಜ್ಞಾ ಹಪ್ಪಳ ಎಣಿಸುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದಳು. “ಅಪ್ಪ, ಅಂವಂಗೆ ನಾಣ್ಯ ಮೊದಲು ಕಳಸು ಹೇಳಿ ಬರೀಲಾಗಿತ್ತು.”

“ಯಾರಾದ್ರೂ ಒಬ್ಬ ಮೊದಲು ಕಳಸವು.”

“ಅದು ಯಾವಾಗಲೂ ನಿಂಗನೇ ಆಗವಾ?” ಎಂದಳು ಪರಿಮಳಾ. ಹಪ್ಪಳದ ಚಾಪೆ ಸುತ್ತಿ, “ಮುಂಜಿಗೆ ಎರಡು ತಿಂಗಳೂ ಇಲ್ಲೆ. ಆನು ಅತ್ತೆಗೆ ಹೇಳದಿಲ್ಲೆ. ಸುಳ್ಳೂ ಹೇಳದಿಲ್ಲೆ. ಕೇಳಿದ್ರೆ ನಿಂಗ್ಳನ್ನೇ ತೋರಸ್ತೆ” ಎಂದು ಕೆಳಗಿಳಿದಳು.

ಆ ರಾತ್ರಿಯ ಊಟಕ್ಕೆ ಮಾವಿನಕಾಯಿಯ ಅಪ್ಪೆಹುಳಿ ಮಾಡಿದ್ದಳು. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ರಾಮ ಮೂರು ಸಲ ಹಾಕಿಸಿಕೊಂಡು ಉಂಡ.

*

ಪುಣೆಯಿಂದ ಪಾರ್ಸೆಲ್ ಬಂದದ್ದು ಏಪ್ರಿಲ್ ಎರಡನೇ ವಾರದಲ್ಲಿ, ಗಂಗೆ ಹೆಗ್ಗರಣೆಯಿಂದ ಮರಳಿದ ದಿನವೇ. ವ್ಯಾಪಾರಿ ಮೋಸಗಾರನಲ್ಲ ಎಂಬುದು ಅಷ್ಟಕ್ಕೆ ಗೊತ್ತಾಯಿತು. ಒಳಗೆ ಚಿಕ್ಕ ಪ್ಲಾಸ್ಟಿಕ್ ಚೀಲ, ಅದರಲ್ಲಿ ರೂಪಾಯಿ, ೧೯೧೧ರದ್ದೇ. ಗಿಡ್ಡ ಸೊಂಡಿಲಿನ ಪ್ರಾಣಿ ದೊರೆಯ ಎದೆಯ ಮೇಲೆ ಇತ್ತು. ರಾಮ ಅದನ್ನು ಅಂಚು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದ. ಪ್ರಥಮ ಭುಜದ ಮೇಲಿಂದ ಇಣುಕಿ, “ಹಂದಿನೇಯ” ಎಂದು ಒಪ್ಪಿಗೆ ಕೊಟ್ಟ.

ಗಂಗೆ ಕಾಲು ತೊಳೆದು ಬಂದು ಜಗಲಿಯಲ್ಲಿ ಕೂತಿದ್ದಳು. ಪರಿಮಳಾ ಬಾಳಂತಿಯ ಸುದ್ದಿ ಕೇಳುತ್ತ ಆಸರಿಗೆ ಪಾನಕ ಕೊಟ್ಟಳು. “ತಾ ಇಲ್ಲಿ, ನಿನ್ನ ಹಂದಿನ” ಎಂದು ಗಂಗೆ ಕೈ ಚಾಚಿದಳು.

“ಅಂಚು ಹಿಡಿ ಆಯಿ. ಬೆರಳಿನ ಜಿಡ್ಡು ಹತ್ತಲಾಗ.”

ಗಂಗೆ ಕನ್ನಡಕ ಹಾಕಲಿಲ್ಲ. ರೂಪಾಯಿಯ ಅಂಚನ್ನು ಹೆಬ್ಬೆರಳಿನ ಮೇಲೆ ನಿಧಾನವಾಗಿ ಸುತ್ತಿಸಿದಳು. ಒಂದು ಕಡೆ ಬೆರಳು ನಿಂತಿತು. ಇನ್ನೊಂದು ಸುತ್ತು ತಿರುಗಿಸಿದಳು. ಅಲ್ಲೇ ನಿಂತಿತು.

“ಇದು ಯಾರ್ದೋ ಕೊರಳಲ್ಲಿತ್ತು” ಎಂದಳು.

“ಎಂತ?”

“ಕೊಂಡಿ ಬೆಸೆದಿದ್ದ. ಆಮೇಲೆ ಕಿತ್ತು ಅರದಿಂದ ತಿಕ್ಕಿದ್ದ. ಮುಟ್ಟಿ ನೋಡು. ನಲವತ್ತು ವರ್ಷ ಕಾಸಿನ ಸರ ಹಾಕ್ಕಂಡಿದ್ದೆ ಆನು. ನಂಗೆ ಕೊಂಡಿ ಜಾಗ ಕಣ್ಣಿಲಿ ನೋಡವು ಹೇಳಿಲ್ಲೆ.”

ರಾಮ ಭೂತಗನ್ನಡಿ ತಂದ. ಗಂಗೆ ತೋರಿಸಿದ ಜಾಗದಲ್ಲಿ ಅಂಚಿನ ಗೆರೆಗಳು ಎರಡು ಅಕ್ಕಿಕಾಳಿನಷ್ಟು ಅಗಲ ಅಳಿಸಿಹೋಗಿದ್ದವು. ನಡುವೆ ಬೇರೆ ಬಣ್ಣದ ಲೋಹದ ಒಂದು ಕಲೆ. ಅಲ್ಲಿಂದ ಅವನು ಗಾಜನ್ನು ದೊರೆಯ ಮುಖದ ಮೇಲೆ ಸರಿಸಿದ. ಗಡ್ಡದ ಕೂದಲು, ಕಿರೀಟದ ಮಣಿ ಯಾವುದೂ ಬಿಡಿಬಿಡಿಯಾಗಿ ಇರಲಿಲ್ಲ. ಅಕ್ಕಸಾಲಿಗನ ಚಕ್ರಕ್ಕೆ ಹಿಡಿದು ಹೊಳಪು ಕೊಟ್ಟಿದ್ದರು. ಫೋಟೋದಲ್ಲಿ ಹೊಳೆದದ್ದು ಅದೇ.

ಅಭಿಜ್ಞಾ ಒಳಗಿನಿಂದ ಎರಡೂ ಪ್ರಿಂಟು ತಂದು ಜಗಲಿಯ ಮೇಲೆ ಹಾಸಿದಳು. ಸ್ವಲ್ಪ ಹೊತ್ತು ನೋಡಿ ಹೇಳಿದಳು, “ಅಪ್ಪ, ಎರಡು ಫೋಟೋದಲ್ಲೂ ಹೆಬ್ಬೆರಳು ಒಂದೇ ಜಾಗದಲ್ಲಿದ್ದು. ನಾಣ್ಯ ತಿರುಗಿಸಿದ್ದ, ಬೆರಳು ಮಾತ್ರ ಅಲ್ಲೇ ಇಟ್ಟಿದ್ದ.”

“ಆನು ಹೇಳಿದ್ನಲೀ, ಉಗುರು ನೋಡು ಹೇಳಿ” ಎಂದಳು ಗಂಗೆ. ಅವಳಿಗೆ ತಮಾಷೆಯೆನಿಸಿತ್ತು. ಪಾನಕದ ಲೋಟ ಎತ್ತಿ ಎರಡು ಗುಟುಕು ಕುಡಿದು ಕೇಳಿದಳು, “ಎಂತ ಬದಲಿ ಕೊಟ್ಟೆ ಇದಕ್ಕೆ?”

ಪರಿಮಳಾ ಖಾಲಿ ತಟ್ಟೆ ಎತ್ತಿಕೊಂಡು ನಿಂತಳು, ಒಳಗೆ ಹೋಗಲಿಲ್ಲ.

“ಡಬ್ಬಿದು” ಎಂದ ರಾಮ.

“ಯಾವ ಡಬ್ಬಿ?”

“ಭಿಕ್ಷೆದು. ಹನ್ನೆರಡು.”

ಗಂಗೆ ಲೋಟ ಕೆಳಗಿಟ್ಟಳು. ಕೈಯಲ್ಲಿದ್ದ ರೂಪಾಯಿಯನ್ನು ಮಗನ ಮುಂದೆ, ಅಂಚು ಹಿಡಿದೇ, ಇಟ್ಟಳು. ಎದ್ದು ಒಳಗೆ ಹೋದಳು. ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ಎತ್ತಿದ ಸದ್ದು ಕೇಳಿತು, ಹಾಕಿದ ಸದ್ದು ಬಹಳ ಹೊತ್ತು ಕೇಳಲಿಲ್ಲ.

*

ಮರುದಿನದಿಂದ ಗಂಗೆ ಮಗನ ಜೊತೆ ಮಾತು ಬಿಟ್ಟಳು. ಬೈಯಲಿಲ್ಲ, ಊಟ ಬಿಡಲಿಲ್ಲ. ಎರಡು ಮಾರು ದೂರದಲ್ಲಿ ಕೂತ ಮಗನಿಗೆ ಹೇಳಬೇಕಾದ್ದನ್ನು ಮೊಮ್ಮಗನಿಗೆ ಹೇಳುತ್ತಿದ್ದಳು.

“ಪ್ರಥಮಾ, ಚಾ ಆರ್ತು ಹೇಳು ನಿನ್ನಪ್ಪಂಗೆ.”

“ಅಪ್ಪ, ಚಾ ಆರ್ತಡ.”

“ಕುಡೀತೆ ಹೇಳು.”

“ಅಜ್ಜಿ, ಕುಡೀತ್ನಡ.” ಎರಡು ದಿನ ಅವನಿಗೆ ಇದು ಆಟವಾಗಿತ್ತು. ಮೂರನೇ ದಿನ, “ನಂಗೆ ಒಂದು ಮಾತಿಗೆ ನಾಲ್ಕಾಣೆ ಕೊಡವು” ಎಂದ.

ರಾಮ ಪೇಟೆಯಲ್ಲಿ ಬೆಳ್ಳಿ ಬಂಗಾರದ ಶೇಟ್ರ ಅಂಗಡಿಗೆ ಹೋಗಿ ವಿಚಾರಿಸಿ ಬಂದ. ಅವರ ಹತ್ತಿರ ಹಳೆಯ ರೂಪಾಯಿ ಐದು ಇದ್ದವು, ಒಂದೊಂದಕ್ಕೆ ನೂರ ಎಪ್ಪತ್ತು. ಹಂದಿ ರೂಪಾಯಿಯನ್ನು ತೋರಿಸಿದರೆ ತೂಗಿ, “ಬೆಳ್ಳಿ ಬೆಲೆಗೆ ತಗೋತೇನೆ, ಬೆಸುಗೆ ತೂಕ ಕಳೆದು” ಎಂದರು. ಹುಬ್ಬಳ್ಳಿಯ ಮಾತು ರಾಮ ಮತ್ತೆ ಎತ್ತಲಿಲ್ಲ.

ಇ-ಮೇಲ್ ಬರೆದವಳು ಅಭಿಜ್ಞಾ. ಏನು ಬರೆಯಬೇಕೆಂದು ಅಪ್ಪ ಹೇಳಿದ್ದನ್ನು ಅರ್ಧ ಬಿಟ್ಟು, ಎರಡೂ ಫೋಟೋದಲ್ಲಿ ನಿಮ್ಮ ಹೆಬ್ಬೆರಳು ಯಾಕೆ ಒಂದೇ ಜಾಗದಲ್ಲಿದೆ ಎಂದಷ್ಟೇ ಇಂಗ್ಲಿಷಿನಲ್ಲಿ ಕೇಳಿದಳು. ನಾಲ್ಕು ದಿನಕ್ಕೆ ಉತ್ತರ ಬಂತು. ಅದನ್ನು ಅವಳು ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಕನ್ನಡ ಮಾಡಿ ಓದಿದಳು.

“‘ನಾನು ಗ್ರೇಡ್ ಹೇಳಿರಲಿಲ್ಲ. ಅಂಚಿನ ಬಗ್ಗೆ ನೀವು ಕೇಳಿರಲಿಲ್ಲ. ನಿಮ್ಮ ಹನ್ನೆರಡೂ ತಿಕ್ಕಿ ತಿಕ್ಕಿ ಸವೆದಿದ್ದವು, ರಾಣಿಗೆ ಮೂಗೇ ಇರಲಿಲ್ಲ. ಸಂಗ್ರಹಕ್ಕೆ ಬಾರದವೆಂದು ಕರಗಿಸಲು ಕೊಟ್ಟೆ. ಆದರೂ ಮನಸ್ತಾಪ ಬೇಡ. ನನ್ನದನ್ನು ವಾಪಸ್ ಕಳಿಸಿ, ಅದು ತಲುಪಿದ ಮೇಲೆ ಬೇರೆ ಹನ್ನೆರಡು ಕಳಿಸುತ್ತೇನೆ. ಅಂಚೆ ಖರ್ಚು ನಿಮ್ಮದು.’”

“ಕರಗಿಸಿದ್ನಡನಾ?” ಎಂದಳು ಪರಿಮಳಾ ಮೆಲ್ಲಗೆ.

ಗಂಗೆ ತಂಬಳಿ ಸುರಿದುಕೊಳ್ಳುತ್ತಿದ್ದವಳು ಸೌಟು ಬಿಟ್ಟಳು. “ಮೂಗಿಲ್ಲೆ ಹೇಳಿ ಬರದ್ನಾ ಅಂವ? ಪ್ರಥಮಾ, ಕೇಳು ನಿನ್ನಪ್ಪನ್ನ, ತೊಳೆದಿಟ್ರೆ ತಪ್ಪಡನಾ?”

ಪ್ರಥಮ ಅಪ್ಪನ ಮುಖ ನೋಡಿದ. ರಾಮ ಹೇಳಿದ, “ನಾಣ್ಯದವಕ್ಕೆ ತಪ್ಪು. ಕಪ್ಪು ಕಪ್ಪಾಗೇ ಇರವು, ಆಗ ಬೆಲೆ. ತಿಕ್ಕಿದ್ರೆ ಗೀರು ಬೀಳ್ತು. ನಂಗೂ ಗೊತ್ತಿತ್ತಿಲ್ಲೆ. ಹೊಳೆವದೇ ಒಳ್ಳೇದು ಹೇಳಿ ತಿಳಕಂಡಿದ್ದೆ.”

“ಅಪ್ಪ ನಿನ್ನಿಂದಲೇ ಕಲ್ತಿದ್ದು ಅಜ್ಜಿ” ಎಂದಳು ಅಭಿಜ್ಞಾ.

ಪರಿಮಳಾ ನಗು ತಡೆಯಲು ಅಡುಗೆಮನೆಗೆ ಹೋದಳು. ಗಂಗೆ ನಗಲಿಲ್ಲ. ಆದರೆ ಮಜ್ಜಿಗೆಯ ಹೊತ್ತಿಗೆ ಮಗನ ಎಲೆಗೆ ಮಿಡಿ ಉಪ್ಪಿನಕಾಯಿ ತಾನೇ ಬಡಿಸಿದಳು. ಮಾತು ಮಾತ್ರ ಇಲ್ಲ.

ಹಂದಿ ರೂಪಾಯಿ ಮರುದಿನ ಪುಣೆಗೆ ಹೋಯಿತು. ಅಲ್ಲಿಂದ ತಲುಪಿದ ಸುದ್ದಿ ಬಂತು, ಪಾರ್ಸೆಲ್ ಬರಲಿಲ್ಲ. ಮೇ ತಿಂಗಳು ಬಂತು. ಮುಂಜಿಗೆ ಇನ್ನು ಎಂಟು ದಿನವೆನ್ನುವಾಗ ಯಲ್ಲಾಪುರದಿಂದ ರಾಮನ ತಂಗಿ ನಮಿತಾ ಬಂದಿಳಿದಳು. ಸುದ್ದಿ ಅವಳಿಗೆ ಬಸ್ಸಿನಲ್ಲೇ ಅಣ್ಣನ ಬಾಯಿಂದ ಗೊತ್ತಾಗಿತ್ತು. ಗಂಗೆಯ ಜೊತೆ ಹಪ್ಪಳಕ್ಕೆ ಉದ್ದಿನ ಹಿಟ್ಟು ನಾದುತ್ತಿದ್ದ ಅತ್ತಿಗೆಯ ಪಕ್ಕ ಕೂತು, “ಈಗಿನ ಕಾಲದಲ್ಲಿ ಎಂತಕ್ಕೆ ಇಷ್ಟೆಲ್ಲ? ಅವರವರ ಕೈಲಾದ್ದು ಅವರವರು ಹಾಕ್ಲಿ. ಆನು ಐನೂರು ಹಾಕ್ತೆ” ಎಂದಳು.

“ಅದೇ ಆಗಲಾಗ” ಎಂದಳು ಗಂಗೆ.

“ಎಂತಕ್ಕೆ ಆಯಿ?”

ಗಂಗೆ ಕೈಯ ಹಿಟ್ಟನ್ನು ಉಂಡೆ ಮಾಡಿ ಪಕ್ಕಕ್ಕಿಟ್ಟಳು. “ನಿನ್ನಪ್ಪನ ಮುಂಜಿಲಿ ಪಾರ್ವತತ್ತೆ ಹೇಳಿ ಒಬ್ಬಳು ಬಂದಿತ್ತು, ವಾನಳ್ಳಿಯಿಂದ. ಎಲ್ಲರೂ ರೂಪಾಯಿ, ಅರ್ಧ ರೂಪಾಯಿ ಹಾಕಿದ. ಅದು ಒಂದಾಣೆ ಹಾಕ್ತು. ಅದ್ರ ಹತ್ರ ಅಷ್ಟೇ ಇದ್ದಿದ್ದು. ಬಿಳಿ ಅಕ್ಕಿ ಮೇಲೆ ಒಂದಾಣೆ ಎಲ್ಲರಿಗೂ ಕಂಡ್ತು. ಯಾರೋ ನಕ್ಕ. ಊಟಕ್ಕೆ ಎಲೆ ಹಾಕುವಾಗ ನೋಡಿದ್ರೆ ಪಾರ್ವತತ್ತೆ ಇ‍ಲ್ಲೆ. ನಡೆದು ಹೋಗಿತ್ತು. ಮತ್ತೆ ಈ ಮನೆಗೆ ಬಂದಿದ್ದಿಲ್ಲೆ. ನನ್ನತ್ತೆ ಸಾಯತನಕ ಅದನ್ನೇ ಹೇಳ್ತಿತ್ತು. ಆಮೇಲೆ ಹದಿನಾಲ್ಕು ರೂಪಾಯಿ ಕೂಡಿಸಿ ಇಟ್ಟಿದ್ದು.”

ನಮಿತಾ ಕೈಬಳೆ ಹಿಂದೆ ಸರಿಸಿ ಹಿಟ್ಟಿಗೆ ಕೈ ಹಾಕಿದಳು.

ಬಾಗಿಲಲ್ಲಿ ರಾಮ ನಿಂತಿದ್ದ. ಈ ಕಥೆ ಅವನೂ ಮೊದಲ ಸಲ ಕೇಳಿದ್ದು. “ಶೇಟ್ರ ಹತ್ರ ಐದು ಇದ್ದು. ಸಾಲ ಮಾಡಾದ್ರೂ ತತ್ತೆ ಹೇಳು ಆಯಿಗೆ” ಎಂದ ಹೆಂಡತಿಗೆ.

“ಐದು, ಎರಡು, ಏಳು. ಉಳದ ಏಳು ಜನಕ್ಕೆ ಎಂತ ಕೊಡ್ತ್ರಿ?” ಎಂದಳು ಪರಿಮಳಾ. “ಮಾತಾಡಿ ಅತ್ತೆ. ಒಂದು ತಿಂಗಳಾತು. ಮೂಕರ ಮನೇಲಿ ಹಪ್ಪಳ ಲಟ್ಟಿಸಿದ ಹಂಗೆ ಆಗ್ತಿದ್ದು ನಂಗೆ.”

ಗಂಗೆ ಹಿಟ್ಟಿನ ಉಂಡೆಗಳನ್ನು ಸಾಲಾಗಿ ಜೋಡಿಸಿದಳು. ಒಂದು ದೊಡ್ಡದಾಗಿತ್ತು, ಅದರಿಂದ ಚೂರು ಕಿತ್ತು ಪಕ್ಕದ್ದಕ್ಕೆ ಸೇರಿಸಿದಳು.

“ಬೆಳ್ಳಿದೇ ಆಗವು ಹೇಳಿ ಯಾರು ಹೇಳಿದ್ದ?” ಎಂದಳು. “ಒಂದೇ ನಮನಿ ಆಗವು. ಅಷ್ಟೇಯ.” ಆಮೇಲೆ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. “ನಿನ್ನ ಚೀಲದಲ್ಲಿ ಐದರ ನಾಣ್ಯ ಬತ್ತನಾ ತಮಾ?”

*

ಆ ವಾರವೆಲ್ಲ ರಾಮ ಐದು ರೂಪಾಯಿಯ ನಾಣ್ಯ ಬಂದಾಗಲೆಲ್ಲ ತಡೆದು ನೋಡಿದ. ಎಲ್ಲವೂ ಒಂದೇ ಇಸವಿಯವಾಗಬೇಕು ಎಂದು ಅವನೇ ನಿಯಮ ಮಾಡಿಕೊಂಡ. ೨೦೦೨ರವು ಹೆಚ್ಚು ಬರುತ್ತಿದ್ದವು. ಯಲ್ಲಾಪುರ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅವನು ಹಿಂದಿನ ಸೀಟಿನಲ್ಲಿ ಟವೆಲ್ ಹಾಸಿ, ಒಂದೊಂದರ ಅಂಚನ್ನೂ ಹೆಬ್ಬೆರಳಿನ ಮೇಲೆ ಸುತ್ತಿಸಿ ನೋಡುತ್ತಿದ್ದ.

“ಎಂತಾ ಭಟ್ರೆ,” ಎಂದ ಕೆರಿಯಪ್ಪ ಚಹಾ ಹಿಡಿದು ಬಂದು, “ಐದು ರೂಪಾಯಿ ಸಾಚಾನೋ ಖೋಟಾನೋ ಅಂತ ಒರೆ ಹಚ್ಚಕೆ ಕೂತಂಗಿದೆ.”

“ಇದ್ರ ಅಂಚು ನಗ್ಗೋಗಿದೆ ನೋಡು.”

“ಟಿಕೇಟಿಗೆ ಕೊಟ್ರೆ ಯಾರೂ ಅಂಚು ನೋಡೂದಿಲ್ಲ.”

“ಇದು ಟಿಕೇಟಿಗಲ್ಲ ಕೆರಿಯಪ್ಪ.” ನಗ್ಗಿದ್ದನ್ನು ಚೀಲಕ್ಕೆ ಹಾಕಿ, ಬೇರೆಯದನ್ನು ಎತ್ತಿಕೊಂಡ. “ಹನ್ನೆರಡಾಯ್ತು, ಇನ್ನೆರಡು ಬೇಕು.”

“ಹದಿಮೂರನೇದು ನನ್ ಕಿಸೇಲಿದ್ರೆ?” ಕೆರಿಯಪ್ಪ ತನ್ನ ಅಂಗಿಯಿಂದ ಚಿಲ್ಲರೆ ತೆಗೆದು ಟವೆಲಿನ ಮೇಲೆ ಸುರಿದ. ಅದರಲ್ಲಿ ಎರಡು ಸಿಕ್ಕವು. ರಾಮ ಹತ್ತು ರೂಪಾಯಿ ಕೊಟ್ಟ. ಕೆರಿಯಪ್ಪ ನೋಟನ್ನು ಹಿಂದೆ ಮುಂದೆ ತಿರುಗಿಸಿ, ಮೂಲೆಗಳನ್ನು ಬೆಳಕಿಗೆ ಹಿಡಿದು ನೋಡಿ ಕಿಸೆಗೆ ಹಾಕಿಕೊಂಡ.

ಮುಂಜಿಯ ದಿನ ಗಂಗೆ ಕೆಂಪು ಪಟ್ಟೆಸೀರೆಯುಟ್ಟು ಒಳಬಾಗಿಲಲ್ಲಿ ತಟ್ಟೆ ಹಿಡಿದು ನಿಂತಳು. ತಟ್ಟೆಯಲ್ಲಿ ಹದಿನಾಲ್ಕು ಐದರ ನಾಣ್ಯ. ತೊಳೆದಿದ್ದಳು. ಮೊದಲ ಭಿಕ್ಷೆಗೆ ತಾಯಿ ಪರಿಮಳಾ, ಆಮೇಲೆ ಮೊಣಕೈತನಕ ಬಂಗಾರದ ಬಳೆಯ ನಮಿತಾ, ಅವಳ ಹಿಂದೆ ಗಾಜಿನ ಬಳೆಯ ವಾನಳ್ಳಿಯ ಸಂಬಂಧಿ, ಪಾರ್ವತತ್ತೆಯ ಕಡೆಯವಳು. ಗಂಗೆಯೇ ಹೇಳಿ ಕಳಿಸಿ ಕರೆಸಿದ್ದಳು. ಒಬ್ಬೊಬ್ಬರ ಅಂಗೈಯಲ್ಲೂ ಗಂಗೆ ಒಂದೊಂದು ಇಟ್ಟು ಬೆರಳು ಮಡಚಿದಳು.

“ಬೆಳ್ಳಿ ಎಲ್ಲೋತು ಅತ್ತಿಗೆ?” ಎಂದು ಹೆಗ್ಗರಣೆಯ ನಾದಿನಿ ಕೇಳಿದಳು.

“ತೀರ್ಥಯಾತ್ರೆಗೆ ಹೋಯ್ದು” ಎಂದಳು ಗಂಗೆ. “ಮುಂದೆ ನಡಿ, ಮಾಣಿ ಕಾಯ್ತಾ ಇದ್ದ.”

ಬೋಳಿಸಿದ ತಲೆಯ ಪ್ರಥಮ, ಹೇಳಿಕೊಟ್ಟದ್ದನ್ನು ಮರೆತು, ಪ್ರತಿ ಭಿಕ್ಷೆಗೂ ಅಕ್ಕಿಯಲ್ಲಿ ಬಿದ್ದ ನಾಣ್ಯದ ಇಸವಿ ನೋಡುತ್ತಿದ್ದ. ವಾನಳ್ಳಿಯವಳು ಮಧ್ಯಾಹ್ನ ಕೊನೆಯ ಪಂಕ್ತಿಯವರೆಗೂ ಇದ್ದಳು. ಬಡಿಸುವುದಕ್ಕೆ ನಿಂತ ರಾಮ ಅವಳ ಎಲೆಗೆ ಎರಡನೇ ಸಲ ಹೋಳಿಗೆ ಹಾಕಿದಾಗ, “ಸಾಕು ಮಾರಾಯ” ಎಂದು ಎರಡೂ ಕೈ ಅಡ್ಡ ಹಿಡಿದಳು.

*

ಪಾರ್ಸೆಲ್ ಬಂದದ್ದು ಜೂನ್ ಮೂರನೇ ವಾರ. ಹನ್ನೆರಡೂ ಇದ್ದವು. ಅವರ ಹಳೆಯವಲ್ಲ, ಬೇರೆಯವು. ರಾಮ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಸಾಲಾಗಿ ಇಟ್ಟ. ಹೆಚ್ಚಿನವು ಸವೆದು ನುಣ್ಣಗಾದ ಸಾದಾ ರೂಪಾಯಿಗಳು. ಈ ಸಲ ಅವನು ಮೊದಲು ಅಂಚು ನೋಡಿದ, ಆಮೇಲೆ ಮುಖ.

ಒಂಬತ್ತನೆಯದನ್ನು ಕೈಯಲ್ಲೇ ಹಿಡಿದುಕೊಂಡ. ವಿಕ್ಟೋರಿಯಾ ರಾಣಿಯದು. ಕಾಡಿಗೆಯ ಹಾಗೆ ಕಪ್ಪು, ಅಂಚಿನ ಹತ್ತಿರ ನವಿಲುಗರಿಯ ನೀಲಿ. ಭೂತಗನ್ನಡಿ ಹಿಡಿದರೆ ಕಿರೀಟದ ಒಂದೊಂದು ಮಣಿ, ರವಿಕೆಯ ಒಂದೊಂದು ಹೂವು, ರಾಣಿಯ ಮೂಗು, ಎಲ್ಲ ಇತ್ತು. ಅದಕ್ಕೆ ಯಾರ ಕೈಯೂ ತಾಗಿರಲಿಲ್ಲ, ಯಾರೂ ತೊಳೆದಿರಲಿಲ್ಲ. ವ್ಯಾಪಾರಿ ರಾಶಿಯಿಂದ ಎಣಿಸಿ ಹಾಕುವಾಗ ನೋಡದೆ ಹಾಕಿರಬೇಕು. ಈ ಸಲ ವ್ಯಾಪಾರಿಯೂ ಅಂಚು ನೋಡಿರಲಿಲ್ಲ.

“ಬೈಂದಾ?” ಎನ್ನುತ್ತ ಗಂಗೆ ಡಬ್ಬಿ ಹಿಡಿದು ಬಂದಳು. ಒಳಗಿನ ಎರಡು ಹಳೆಯ ರೂಪಾಯಿ ಗಲಗಲ ಎಂದವು. ಮೇಜಿನ ಮೇಲಿನ ಸಾಲು ನೋಡಿ, “ಎಂತದಾ ಇದು, ಇದ್ದಲು ತಂದಿಟ್ಟಂಗೆ ಇದ್ದು. ಅಭಿಜ್ಞಾ, ಹುಣಸೆಹಣ್ಣು ನೆನೆಹಾಕು ಕೂಸೆ” ಎಂದಳು.

ಅಭಿಜ್ಞಾ ಅಪ್ಪನ ಕೈಯಲ್ಲಿದ್ದದ್ದನ್ನು ನೋಡಿದಳು, ಅಪ್ಪನ ಮುಖ ನೋಡಿದಳು, ಕದಲಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಪರಿಮಳಾ ಸೌಟು ಹಿಡಿದು ನಿಂತಳು.

ಗಂಗೆ ಕುರ್ಚಿ ಎಳೆದು ಮಗನ ಎದುರು ಕೂತಳು. “ಎಂತ ತಮಾ? ಅದು ಬೇರೆ ನಮನಿದಾ? ತೊಳೆದ್ರೆ ಹಾಳಾಗ್ತಾ?”

ರಾಮ ರೂಪಾಯಿಯನ್ನು ಒಂದು ಸಲ ಬೆಳಕಿಗೆ ತಿರುಗಿಸಿದ. ನೀಲಿ ಬಣ್ಣ ಅಂಚಿನ ಸುತ್ತ ಓಡಿ ಬಂದು ನಿಂತಿತು.

“ಇಲ್ಲೆ ಆಯಿ” ಎಂದ. “ಹದಿನಾಲ್ಕೂ ಒಂದೇ ನಮನಿ ಆಗವು.”

ಹುಣಸೆಹಣ್ಣನ್ನು ಅವನೇ ಒಳಗಿನಿಂದ ತಂದು ನೆನೆಹಾಕಿದ. ಅಂಟುವಾಳ ಜಜ್ಜಿದ. ಹಿತ್ತಲ ಕಟ್ಟೆಯ ಮೇಲೆ ಗಂಗೆ ಬೋಗುಣಿ ಇಟ್ಟುಕೊಂಡು ಕೂತಳು. ರಾಮ ಒಂದೊಂದಾಗಿ ಅಂಚು ಹಿಡಿದು ಕೊಟ್ಟ. ಗಂಗೆ ಒಂದೊಂದನ್ನೂ ಪೂರ್ತಿ ಅಂಗೈಯಲ್ಲಿ ತೆಗೆದುಕೊಂಡು ತಿಕ್ಕಿದಳು. ಒಂಬತ್ತನೆಯದು ಬಂದಾಗ ಬೋಗುಣಿಯ ನೀರು ಕಪ್ಪಾಯಿತು, ಆಮೇಲೆ ಒಳಗಿನಿಂದ ಬಿಳಿ ಹೊಳೆಯಿತು.

“ನೋಡು, ಇದಕ್ಕೆ ಮೂಗು ಇದ್ದು” ಎಂದಳು ಗಂಗೆ.

“ಇದ್ದು” ಎಂದ ರಾಮ. ಹತ್ತನೆಯದನ್ನು ಕೊಟ್ಟ.